ಮೂಸಿ ನೋಡಿ ಸಾ

ಕಳೆ ತೆಗೆಯಲು ಬಂದಿದ್ದ ಅಜ್ಜಿ ಬರಿಗಾಲಲ್ಲಿ ಒಂದು ಸಲ ತಳ್ಳಿದಳು, ಅಷ್ಟೇ. ನಾಲ್ಕು ತಿಂಗಳ ಜಿ-9 ಬಾಳೆಗಿಡ ಬುಡದಲ್ಲೇ ಕಳಚಿಕೊಂಡು ಮಗ್ಗುಲಿಗೆ ಮಲಗಿತು. ಗೆಡ್ಡೆ ಮಣ್ಣಲ್ಲೇ ಉಳಿಯಿತು. ಮಂಗಳವಾರದಿಂದ ನನ್ನ ಕಣ್ಣೆದುರು ಆ ಗಿಡ ಬೀಳುತ್ತಲೇ ಇದೆ.

ರೋಗವನ್ನು ನಾನು ಅದಕ್ಕೂ ಮೊದಲೇ ‘ಕಂಡುಹಿಡಿದಿದ್ದೆ’. ಹಳದಿ ಎಲೆಯ ಫೋಟೊ ನೋಡಿ ಗೊಬ್ಬರದಂಗಡಿಯ ಹುಡುಗ ಅರೆಗಳಿಗೆಯಲ್ಲಿ ‘ಪನಾಮ’ ಅಂದ, ಶಿಲೀಂಧ್ರನಾಶಕ ಕಟ್ಟಿಕೊಟ್ಟ. ನಂಜನಗೂಡು ಸೀಮೆಯಲ್ಲಿ ಆ ಹೆಸರಿಗೆ ಯಾರೂ ಎದುರಾಡುವುದಿಲ್ಲ, ರಸಬಾಳೆಯನ್ನು ನುಂಗಿದ ಶಿಲೀಂಧ್ರ ರೋಗ ಅದು. ಹುಡುಗ ಕೆಟ್ಟವನೇನಲ್ಲ. ಅಂಗಡಿಯಲ್ಲಿ ಯಾವ ಔಷಧಿ ಇದೆಯೋ ಆ ರೋಗ ಬರುತ್ತದೆ, ಅವನ ಗಿರಾಕಿಗಳಿಗೆ.

ಅಜ್ಜಿ ಗೆಡ್ಡೆಯ ಚೂರು ಕಿತ್ತು ನನ್ನ ಮೂಗಿಗೇ ಹಿಡಿದಳು. “ಮೂಸಿ ನೋಡಿ ಸಾ. ಪನಾಮ ಹಿಂಗ್ ನಾರ್ತದಾ?”

ಸತ್ತ ಇಲಿಯ ನಾತ. ಪನಾಮ ಆಗಿದ್ದರೆ ಸೀಳಿದಾಗ ಕೆಂಗಂದು ಎಳೆಗಳು ಕಾಣಬೇಕಿತ್ತು. ಇಲ್ಲಿ ಗೆಡ್ಡೆಯೇ ಅಂಬಲಿ. ಎರ್ವಿನಿಯಾ ಎಂದು ಹಳಬರು ಈಗಲೂ ಕರೆಯುವ ಬ್ಯಾಕ್ಟೀರಿಯಾದ ಕೊಳೆ. ಶಿಲೀಂಧ್ರನಾಶಕ ಅದಕ್ಕೇನು ಮಾಡೀತು?

ಆ ರಾತ್ರಿ ಮಗಳ ಲೆಕ್ಕದ ಪುಸ್ತಕದ ಚೌಕದ ಹಾಳೆಯಲ್ಲಿ ತೋಟ ಬರೆದೆ. ಗಿಡಕ್ಕೊಂದು ಮನೆ, ಬಿದ್ದದ್ದಕ್ಕೆ ಕೆಂಪು ಇಂಟು. ಒಟ್ಟು 11. ಅಲ್ಲೊಂದು ಇಲ್ಲೊಂದು ಇರುತ್ತವೆ ಅಂದುಕೊಂಡಿದ್ದೆ. 9 ಒಂದೇ ಸಾಲಲ್ಲಿ! ಆ ಸಾಲು ತಗ್ಗು, ಮೊನ್ನೆಯ ಮಳೆನೀರು ಅಲ್ಲೇ ನಿಂತಿತ್ತು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ನೆನಪಾಯಿತು. ಎರಡು ವಾರದ ಹಿಂದೆ, ಭಾನುವಾರದ ಉಮೇದಿನಲ್ಲಿ, ನಾನೇ ಮರಿಗಂದು ಕತ್ತರಿಸಿದ್ದು ಅದೇ ಸಾಲಿನಲ್ಲಿ. ಮೊದಲ ಗಿಡದಿಂದ ಕೊನೆಯ ಗಿಡದವರೆಗೆ ಒಂದೇ ಮಚ್ಚು. ಒರೆಸಿಯೂ ಇರಲಿಲ್ಲ. ನೀರೋ, ನಾನೋ? ಹಾಳೆ ಅದನ್ನು ಹೇಳುವುದಿಲ್ಲ. ಎರಡೂ ಸಾಲು ಹಿಡಿದೇ ಹೋಗುವಂಥವು.

ಉಗಾಂಡಾದಲ್ಲಿ ಬೇರೊಂದು ಬ್ಯಾಕ್ಟೀರಿಯಾ, ಝಾಂಥೊಮೊನಾಸ್, ಬಾಳೆಯಲ್ಲಿ ಕಂಡದ್ದು 2001ರಲ್ಲಿ. ಅದು ಹರಡಿದ ಮೇಲೆ ಅಲ್ಲಿಯ ರೈತರಿಗೆ ಹೇಳಿಕೊಟ್ಟದ್ದು: ಗೊನೆಯ ತುದಿಯ ಮೂತಿಗೆ ಕತ್ತಿ ತಾಗಿಸಬೇಡಿ, ಕವಲುಕೋಲಿನಿಂದ ತಿರುಚಿ ಮುರಿಯಿರಿ, ಮಚ್ಚನ್ನು ಬೆಂಕಿಗೆ ಹಿಡಿಯಿರಿ. ಇದೆಲ್ಲ ನಾನು ಓದಿದ್ದೆ. ಓದಿದ್ದೇನು, ಪಕ್ಕದ ತೋಟದವರಿಗೆ ಭಾಷಣವನ್ನೂ ಬಿಗಿದಿದ್ದೆ.

ಬುಧವಾರ ಬಿದ್ದವನ್ನೆಲ್ಲ ಗೆಡ್ಡೆ ಸಮೇತ ಅಗೆದು ತೆಗೆದೆವು, ಗುಂಡಿಗೆ ಬ್ಲೀಚಿಂಗ್ ಪುಡಿ ಹಾಕಿದೆವು. ಉಳಿದ ಸಾಲುಗಳಲ್ಲಿ ಅಜ್ಜಿ ಒಂದೊಂದು ಗಿಡವನ್ನೂ ಕಾಲಿಂದ ಮೆಲ್ಲಗೆ ಒತ್ತಿ ನೋಡುತ್ತ ಮುಂದೆ ಮುಂದೆ, ಲೆಕ್ಕದ ಪುಸ್ತಕ ಹಿಡಿದು ನಾನು ಹಿಂದೆ. ಭಾನುವಾರದ ಸಂಗತಿಯನ್ನು ಅವಳಿಗೆ ಹೇಳಿರಲಿಲ್ಲ.

ಮೂರನೇ ಸಾಲಿನ ಕೊನೆಯಲ್ಲಿ ತಿರುಗಿ ನಿಂತಳು.

“ಸಾ, ಆ ಮಚ್ಚು ಎಲ್ಲಿಟ್ರಿ?”