ಕೈ ಎತ್ತಿದರೂ ಏಳದ ಕೋಟು

ನಮ್ಮ ಕಡೆ ಕಾಫಿ ತೋಟದ ಕೆಲಸಕ್ಕೆ ಬರುವ ಹೆಂಗಸರನ್ನು ನೋಡಿದ್ದೀರಲ್ಲ? ಸೀರೆ ಮೇಲೆ ಗಂಡಸರ ತುಂಬುತೋಳಿನ ಶರ್ಟು. ಬೆಳಗಿನ ಚಳಿಗೂ ಅದೇ, ಕೊಂಬೆ ತರಚದ ಹಾಗೆ ಇರೋದಕ್ಕೂ ಅದೇ, ಚಗಳಿ ಇರುವೆ ಕಡಿಯದ ಹಾಗೆ ಇರೋದಕ್ಕೂ ಅದೇ. ಎಲೆಅಡಿಕೆಯೋ ಮೊಬೈಲೋ ಇಟ್ಟುಕೊಳ್ಳೋದಕ್ಕೆ ಒಂದು ಜೇಬೂ ಸಿಗುತ್ತದೆ. ಯಾರೂ ಹೇಳಿಕೊಟ್ಟಿದ್ದಲ್ಲ ಇದು. ಕೆಲಸಕ್ಕೆ ಏನು ಬೇಕೋ ಅದನ್ನು ಅವರೇ ಆರಿಸಿಕೊಂಡರು. ಆದರೆ ಆ ಶರ್ಟು ಕತ್ತರಿಸಿದ್ದು ಬೇರೆಯವರ ಮೈಗೆ. ಭುಜ ಜಾರುತ್ತದೆ, ತೋಳು ಮಡಚಲೇಬೇಕು.

ನಾನು ತೋಟದಲ್ಲಿ ದುಡಿಯುವವಳಲ್ಲ. ಆಡಿಟರ್ ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ಆಲ್ದೂರಿನಿಂದ ಚಿಕ್ಕಮಗಳೂರಿಗೆ ದಿನಾ ಸ್ಕೂಟರ್. ಡಿಸೆಂಬರ್‌ನಲ್ಲಿ ಮನೆ ಬಿಡುವಾಗ ರಸ್ತೆ ತುಂಬ ಮಂಜು, ಹ್ಯಾಂಡಲ್ ಹಿಡಿದ ಬೆರಳು ಮರಗಟ್ಟಿರುತ್ತದೆ. ಹನ್ನೆರಡು ಗಂಟೆ ಹೊತ್ತಿಗೆ ಅದೇ ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತದೆ. ಮಲೆನಾಡಿನ ಗಂಡಸರಿಗೆ ಇದಕ್ಕೆ ಕೋಟು ಹೊಸದಲ್ಲ. ಪಂಚೆ ಮೇಲೆ ಕೋಟು ಹಾಕಿಕೊಂಡು ಸಂತೆಗೆ, ಕೋರ್ಟಿಗೆ, ಮದುವೆಗೆ ಹೋದವರು ನಮ್ಮ ಹಿರಿಯರು. ಹೆಂಗಸರ ಪಾಲಿಗೆ ಬಂದಿದ್ದು ಸ್ವೆಟರ್ ಮತ್ತು ಶಾಲು. ಎರಡೂ ಬೆಚ್ಚಗೇನೋ ಇರುತ್ತವೆ. ಆದರೆ ಶಾಲಿಗೆ ಜೇಬಿಲ್ಲ. ಸ್ವೆಟರ್ ಹಾಕಿಕೊಂಡು ಬ್ಯಾಂಕ್ ಮ್ಯಾನೇಜರ್ ಎದುರು ಕೂತರೆ ಈಗಷ್ಟೇ ಜ್ವರ ಬಿಟ್ಟು ಎದ್ದು ಬಂದವರ ಹಾಗೆ ಕಾಣುತ್ತೇವೆ.

ರೆಡಿಮೇಡ್ ಬ್ಲೇಜರ್ ಒಂದು ನನ್ನ ಹತ್ತಿರ ಇತ್ತು. ನೋಡೋದಕ್ಕೆ ಚೆಂದವೇ. ಜೇಬಿನ ಮುಚ್ಚಳ ಇದೆ, ಎತ್ತಿ ನೋಡಿದರೆ ಒಳಗೆ ಜೇಬೇ ಇಲ್ಲ. ದಿನಾ ಹತ್ತಾರು ಬಿಲ್ಲು, ಪೆನ್ನು, ಸ್ಕೂಟರ್ ಕೀ ಹಿಡಿದು ಓಡಾಡುವವಳಿಗೆ ಸುಮ್ನೆ ಒಂದು ಮುಚ್ಚಳ ಹೊಲಿದು ಕೊಡೋದು ಮೋಸ ಅಂತಲೇ ನನಗೆ ಅನ್ನಿಸುತ್ತದೆ. ಸ್ಕೂಟರ್ ಮೇಲೆ ಕೈ ಮುಂದೆ ಚಾಚಿದರೆ ಬೆನ್ನು ಬಿಗಿಯೋದು, ಕಾಲರ್ ಕತ್ತಿನಿಂದ ಹಿಂದಕ್ಕೆ ಸರಿಯೋದು ಬೇರೆ.

ಹಾಗಾಗಿ ಹೊಲಿಸೋಣ ಅಂದುಕೊಂಡೆ. ಬ್ಲೌಸ್ ಹೊಲಿದು ಕೊಡುವ ಅಕ್ಕ, "ಕೋಟು ನಮ್ಮ ಕೈಲಾಗಲ್ಲ ಕಣ್ರೀ" ಅಂದರು. ಸೂಟು ಹೊಲಿಯುವ ಅಂಗಡಿಗೆ ಹೋದರೆ, "ಲೇಡೀಸ್ ಹೊಲಿಯಲ್ಲ ಮೇಡಂ" ಅಂದರು. ಕೊನೆಗೆ ಪರಿಚಯದ ವಕೀಲೆಯೊಬ್ಬರು ದಾರಿ ತೋರಿಸಿದರು. ವಕೀಲರಿಗೆ ಕರಿ ಕೋಟು ಇಲ್ಲದೆ ಆಗುವುದಿಲ್ಲ, ಹೆಣ್ಣುಮಕ್ಕಳೂ ಹಾಕಲೇಬೇಕು. ಆದ್ದರಿಂದ ಕೋರ್ಟಿರುವ ಊರಲ್ಲಿ ಹೆಂಗಸರ ಕೋಟು ಬಲ್ಲ ಕೈ ಒಂದಾದರೂ ಇದ್ದೇ ಇರುತ್ತದೆ! ಎಂ.ಜಿ. ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ ಒಂದು ಸಣ್ಣ ಅಂಗಡಿ. ಮಾಸ್ಟ್ರು, ಅವರ ಹೆಂಡತಿ, ಎರಡು ಮೆಷೀನು.

ಅಳತೆ ತೆಗೆದಿದ್ದು ಮಾಸ್ಟ್ರ ಹೆಂಡತಿ, ಆ ಅಕ್ಕ. ಅವರು ಟೇಪು ಹಿಡಿದು ಅಂಕಿ ಹೇಳುತ್ತಿದ್ದರು, ಮಾಸ್ಟ್ರು ಆಚೆ ಕೂತು ಬರೆದುಕೊಳ್ಳುತ್ತಿದ್ದರು. "ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ಗುಂಡಿ ಹಾಕಕ್ಕಾಗಲ್ಲ" ಅಂತ ಅಕ್ಕ ನಕ್ಕರು. 58 ಇಂಚು ಅಗಲದ ಉಣ್ಣೆ ಮಿಶ್ರಣದ ಬಟ್ಟೆ, ಎರಡು ಕಾಲು ಮೀಟರ್. ಬಣ್ಣ ಕಾಫಿ ಬೀಜ ಹುರಿಯುವಾಗ ಮೊದಲು ಬರುತ್ತದಲ್ಲ, ಆ ತಿಳಿ ಕಂದು.

ನಾನು ಹೇಳಬೇಕೆಂದಿರುವುದು ಟ್ರಯಲ್ ದಿನದ ವಿಷಯ. ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ ಹೋದೆ. ಕೋಟಿಗೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿಟ್ಟಿದ್ದರು. ಕಾಲರ್ ಇಲ್ಲ, ಲೈನಿಂಗ್ ಇಲ್ಲ, ತೋಳು ಒಂದೇ. ಎದೆಯ ಭಾಗದಲ್ಲಿ ಒಳಗಿನ ಕ್ಯಾನ್ವಾಸ್, ಅಂದರೆ ಕೋಟಿನ ಆಕಾರ ನಿಲ್ಲಲಿ ಅಂತ ಇಡುವ ಗಟ್ಟಿ ಬಟ್ಟೆ, ಕಾಣುತ್ತಿತ್ತು. ರೆಡಿಮೇಡ್‌ಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಬಿಸಿಗೆ ಅಂಟುವ ಫ್ಯೂಸಿಂಗ್ ಬಟ್ಟೆ ಇರುತ್ತದೆ. ಅಂಟು ಬಿಟ್ಟರೆ ಎದೆ ಮೇಲೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಕ್ಯಾನ್ವಾಸನ್ನು ಸೂಜಿಯಲ್ಲಿ ಹಿಡಿದು ಹೊಲಿಯೋದರಿಂದ ಆ ಭಯ ಇಲ್ಲ, ಹಾಕಿದಷ್ಟೂ ಮೈಗೆ ಒಗ್ಗುತ್ತದೆ.

ಮಾಸ್ಟ್ರು ಮೊದಲು ನೋಡಿದ್ದು ಭುಜ. ಸುಮಾರು ಹೊತ್ತು ಹಿಂದೆ ನಿಂತು ನೋಡಿದರು. "ಬ್ಯಾಗು ಬಲಗಡೆ ಹಾಕ್ತೀಯೇನಮ್ಮ?" ಅಂದರು. ಹೌದು ಅಂದೆ. ಬಲ ಭುಜ ಒಂದಿಷ್ಟು ಕೆಳಗಿತ್ತು. ಇಷ್ಟು ವರ್ಷ ಕನ್ನಡಿ ನೋಡಿಕೊಂಡವಳಿಗೆ ಕಾಣದೇ ಇದ್ದದ್ದು ಅವರಿಗೆ ಕಂಡಿತು. ಆ ಕಡೆ ಭುಜದ ಪ್ಯಾಡಿಗೆ ಇನ್ನೊಂದು ಪದರ ಸೇರಿಸಿ ಪಿನ್ ಹಾಕಿದರು. ಬೆನ್ನಿನಲ್ಲಿ ಓರೆಯಾಗಿ ಬಿದ್ದಿದ್ದ ಸುಕ್ಕು ಆ ಕ್ಷಣವೇ ಹೋಯಿತು. "ಸೊಂಟ ಎಷ್ಟು ಬೇಕಾದ್ರೂ ಹಿಡೀಬಹುದು, ಬಿಡಬಹುದು. ಭುಜ ಕೆಟ್ರೆ ಕೋಟೇ ಬಿಚ್ಚಬೇಕು" ಅಂದರು.

ಆಮೇಲೆ ತೋಳು. ನಾನು ಹಾಕಿಕೊಂಡು ಹೋಗಿದ್ದ ಹಳೇ ಬ್ಲೇಜರನ್ನೇ ತೊಡಿಸಿ, "ಕೈ ಎತ್ತಮ್ಮ" ಅಂದರು. ಎತ್ತಿದೆ. ಕೋಟು ಪೂರಾ ಮೇಲೆ ಬಂತು. ಈಗ ಕಚ್ಚಾ ಕೋಟು ಹಾಕಿಸಿ ತೋಳಿರುವ ಕೈ ಎತ್ತಿಸಿದರು. ಅಂಚು ಇದ್ದ ಜಾಗದಿಂದ ಅಲ್ಲಾಡಲಿಲ್ಲ ಅಂತಲೇ ಹೇಳಬೇಕು. ವಿಚಿತ್ರ ಅಂದರೆ, ಹಳೇ ಕೋಟಿನ ಕಂಕುಳು ದೊಡ್ಡದು, ಸಡಿಲ. ಇದರದ್ದು ಚಿಕ್ಕದು, ಕಂಕುಳಿಗೆ ಅಂಟಿದ ಹಾಗೇ ಇದೆ. ಸಡಿಲ ಇದ್ದರೆ ಆರಾಮ ಅಂತ ತಾನೇ ಎಲ್ಲರ ಲೆಕ್ಕ? ಮಾಸ್ಟ್ರು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ತೋಳು ಕಂಕುಳಿಗಿಂತ ಕೆಳಗೆ ಎಲ್ಲೋ ಶುರುವಾದರೆ, ಕೈ ಎತ್ತಿದಾಗ ಅದು ಪಕ್ಕೆಯ ಬಟ್ಟೆಯನ್ನೂ ಎಳೆದುಕೊಂಡು ಹೋಗುತ್ತದೆ. ಕೈ ಎಲ್ಲಿ ಮಡಚುತ್ತದೋ ಅಲ್ಲೇ ತೋಳು ಶುರುವಾದರೆ ಕೈ ಮಾತ್ರ ಎದ್ದೇಳುತ್ತದೆ. ದೊಡ್ಡ ಕಂಕುಳು ಕತ್ತರಿಸಿದರೆ ಒಂದೇ ಸೈಜು ಹತ್ತು ತರದ ಮೈಗೆ ಹಿಡಿಸುತ್ತದೆ, ಅದಕ್ಕೇ ರೆಡಿಮೇಡ್‌ನವರು ಹಾಗೆ ಮಾಡೋದು ಅಂದರು.

ಫ್ರಾನ್ಸಿನ ಫ್ಯಾಷನ್ ಡಿಸೈನರ್ ಕೊಕೊ ಶನೆಲ್ 1954ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕೆಲಸ ಶುರು ಮಾಡಿದ ಮೇಲೆ ಹೆಸರಾದ ಅವರ ಟ್ವೀಡ್ ಜಾಕೆಟ್‌ಗಳಲ್ಲೂ ಇದೇ ಗುಟ್ಟು. ಮೇಲೆ, ಮೈಗೆ ಹತ್ತಿರ ಇರುವ ಕಂಕುಳು, ಕೈ ಇಡಬಹುದಾದ ನಿಜವಾದ ಜೇಬು, ಕೋಟು ನೆಟ್ಟಗೆ ಇಳಿಯಲಿ ಅಂತ ಅಂಚಿನೊಳಗೆ ಒಂದು ಸಣ್ಣ ಸರಪಳಿ. ಆ ಜಾಕೆಟ್ಟಿನ ಹೆಸರನ್ನು ಮಾಸ್ಟ್ರು ಕೇಳಿಲ್ಲ. ಅವರಿಗೆ ಗೊತ್ತಿರೋದು ಕಟಕಟೆ ಎದುರು ಕೈಯೆತ್ತಿ ವಾದ ಮಾಡುವ ವಕೀಲರ ತೋಳು.

ನನ್ನ ಕೆಲಸ ಹೇಳಿದೆ. ಮೇಲಿನ ಅಟ್ಟದಿಂದ ಫೈಲು ಇಳಿಸಬೇಕು, ಸ್ಕೂಟರ್ ಓಡಿಸಬೇಕು. ಸ್ಟೂಲಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದ ಹಾಗೆ ಕೈ ಇಡು ಅಂದರು. ಪಿನ್ ಬಿಚ್ಚಿ ತೋಳನ್ನು ಒಂದು ಚೂರು ಮುಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದರು. ಮೊಣಕೈ ಹತ್ತಿರ ನಿಂತಿದ್ದ ಬಟ್ಟೆ ಇಳಿಯಿತು. ಹಿಂದೆ ಎರಡು ಸೀಳು ಬಿಡೋಣ, ಕೂತಾಗ ಕೋಟು ಮುದುಡಲ್ಲ ಅಂತ ಅವರೇ ತೀರ್ಮಾನ ಮಾಡಿದರು. ಜೇಬಿನ ಆಳ ಮಾತ್ರ ನಾನು ಬಿಡಲಿಲ್ಲ. ಮೊಬೈಲ್ ಪೂರ್ತಿ ಮುಳುಗಬೇಕು ಅಂದೆ. ಒಳಗಡೆ ಎಡಕ್ಕೆ ಇನ್ನೊಂದು, ಪೆನ್ನಿಗೆ ಪುಟ್ಟದೊಂದು. ಗಂಡಸರ ಕೋಟಿಗೆ ಕೇಳದೆಯೇ ಬರುವ ಒಳಜೇಬನ್ನು ನಾವು ಬಾಯಿಬಿಟ್ಟು ಕೇಳಬೇಕು, ಅಲ್ವಾ?

ಲೈನಿಂಗ್ ವಿಷಯಕ್ಕೆ ಅಕ್ಕ ಬಾಯಿ ಹಾಕಿದರು. "ಬೆನ್ನಿಗೆ ಅರ್ಧ ಸಾಕು. ಮಧ್ಯಾಹ್ನ ಬೆವರು ಕಟ್ಟಲ್ಲ." ಅರ್ಧ ಲೈನಿಂಗ್ ಅಂದರೆ ಕೆಲಸ ಕಡಿಮೆ ಅಲ್ಲ, ಜಾಸ್ತಿ. ಕಾಣುವ ಒಳಹೊಲಿಗೆಗೆಲ್ಲ ಪಟ್ಟಿ ಕಟ್ಟಬೇಕು. ಅದನ್ನು ಅವರೇ ಕೈಯಲ್ಲಿ ಮಾಡಿದರು, ಕಾಜಾ ಕೂಡ. ರೆಡಿಮೇಡ್‌ಗಿಂತ ಜಾಸ್ತಿಯೇ ಖರ್ಚಾಯಿತು. ಆ ಕಾಜಾಗಳನ್ನು ನೋಡಿದ ಮೇಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಈಗ ಕುರ್ತಾ ಮೇಲೆ, ಕಾಟನ್ ಸೀರೆ ಮೇಲೆ ದಿನಾ ಅದೇ. ಮಳೆಗಾಲದಲ್ಲಿ ಬೀರುವಿನೊಳಗೆ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಒಲೆ ಕಡೆ ಬೆಚ್ಚಗಿರುವ ಗೋಡೆಗೆ ನೇತು ಹಾಕು, ಆದರೆ ಹೊಗೆ ತಾಗಬಾರದು ಅಂತ ಅಕ್ಕ ಹೇಳಿಕಳಿಸಿದ್ದಾರೆ. ಬೇಸಿಗೆಗೆ ಇನ್ನೊಂದು ಇರಲಿ ಅಂತ ಲಿನನ್ ಬಟ್ಟೆ ಕೊಟ್ಟು ಬಂದಿದ್ದೇನೆ. ಪ್ಯಾಡ್ ಬೇಡವೇ ಬೇಡ ಅಂತ ನಾನು. ಬಲಗಡೆ ಒಂದು ಪದರವಾದರೂ ಇಡಲೇಬೇಕು ಅಂತ ಮಾಸ್ಟ್ರು. ಮದುವೆ ಸೂಟುಗಳ ಗಲಾಟೆ ಮುಗಿಯಲಿ, ಟ್ರಯಲ್‌ಗೆ ಬಾ, ಹಾಕಿಯೇ ನೋಡೋಣ ಅಂದಿದ್ದಾರೆ.