ಜಗಳ ಆಡುವ ಭಾಷೆ

ಮೊನ್ನೆ ಮಗಳ ಶಾಲೆಯಿಂದ ಒಂದು ಹಾಳೆ ಬಂತು. ಮನೆಯಲ್ಲಿ ಯಾವ ಯಾವ ಭಾಷೆ ಮಾತಾಡುತ್ತೀರಿ, ಮಕ್ಕಳೇ ಬರೆಯಬೇಕು. ಏಳು ವರ್ಷದವಳು ಬರೆದದ್ದು ಇಷ್ಟು: ಇಂಗ್ಲಿಷ್, ಸ್ವಲ್ಪ ಕನ್ನಡ, ಆಮೇಲೆ ಅಪ್ಪ ಅಮ್ಮ ಜಗಳ ಆಡುವ ಭಾಷೆ.

ಅದು ತುಳು.

ಓದಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಗು ನಿಂತಿತು. ಸುಳ್ಳೇನಲ್ಲ ಅವಳು ಬರೆದದ್ದು. ಬಿಲ್ ಜಾಸ್ತಿ ಬಂದ ತಲೆಬಿಸಿ, ಫ್ರಿಜ್‌ನಲ್ಲಿ ಅಡಗಿಸಿಟ್ಟ ಚಾಕಲೇಟು, ಹುಟ್ಟುಹಬ್ಬದ ಗುಟ್ಟು, ಅವಳಿಗೆ ಗೊತ್ತಾಗಬಾರದ್ದೆಲ್ಲ ನಮಗೆ ತುಳುವಿನಲ್ಲೇ. ಏಳು ವರ್ಷ ಆ ಭಾಷೆ ಅವಳ ಕಿವಿಗೆ ಬಿದ್ದಿದೆ, ಆದರೆ ಒಂದು ಮಾತೂ ಅವಳಿಗೆ ಅಂತ ಆಡಿದ್ದಲ್ಲ.

ಇಲ್ಲಿ ನ್ಯೂಜಿಲೆಂಡಿನಲ್ಲಿ ಸೆಪ್ಟೆಂಬರ್ ಬಂದರೆ ಮಾವೊರಿ ಭಾಷಾ ವಾರ, ಇಲ್ಲಿನ ಮೂಲನಿವಾಸಿಗಳ ಭಾಷೆ ಅದು. ಮಕ್ಕಳು 'ಪೆಪೆಹಾ' ಕಲಿಯುತ್ತಾರೆ. ಅಂದರೆ ಪರಿಚಯ ಹೇಳಿಕೊಳ್ಳುವ ಕ್ರಮ. ಹೆಸರು ಕೊನೆಗೆ, ಮೊದಲು ಬೆಟ್ಟ, ನದಿ. ನಮ್ಮ ಬೆಟ್ಟ ಯಾವುದಮ್ಮ ಅಂದಳು. ಕುದುರೆಮುಖ ಅಂದೆ. ನದಿ? ನೇತ್ರಾವತಿ, ಬಂಟ್ವಾಳದಲ್ಲಿ ಅಜ್ಜಿಮನೆ ಹತ್ತಿರ ಹರಿಯುತ್ತದಲ್ಲ ಅದು. 'ತಹಿ, ರುವಾ, ತೊರು' ಅಂತ ಹತ್ತರವರೆಗೆ ಎಣಿಸುವವಳಿಗೆ 'ಒಂಜಿ, ರಡ್ಡ್, ಮೂಜಿ' ಗೊತ್ತಿಲ್ಲ ಅನ್ನೋದು ನನಗೆ ಹೊಳೆದದ್ದೇ ಆಗ.

ಪಕ್ಕದ ಮನೆಯಲ್ಲಿ ಒಬ್ಬರು ಮಾವೊರಿ ಅಜ್ಜಿ ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ವಾರಕ್ಕೆ ಎರಡು ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಮಾವೊರಿ ಕ್ಲಾಸಿಗೆ ಹೋಗುತ್ತಾರೆ. ತಮ್ಮ ಭಾಷೆಯನ್ನೇ ಕಲಿಯೋಕೆ! ಮೊಮ್ಮಗ ಅವರ ಉಚ್ಚಾರಣೆ ತಿದ್ದುತ್ತಾನೆ, ಅವನು ಹೋಗಿದ್ದು 'ಕೊಹಾಂಗ ರಿಯೊ'ಗೆ, ಮಾವೊರಿಯಲ್ಲೇ ನಡೆಯುವ ಶಿಶುವಿಹಾರಕ್ಕೆ. ಭಾಷೆ ಬಲ್ಲ ಅಜ್ಜ ಅಜ್ಜಿಯರು ಉಳಿದಿರುವಾಗಲೇ ಕೂಸುಗಳನ್ನು ಅವರ ಮಡಿಲಲ್ಲಿ ಕೂರಿಸಿಬಿಡೋಣ ಅಂತ 1982ರಲ್ಲಿ ಶುರುವಾದದ್ದು ಅದು. ಅದಕ್ಕೆ ಹತ್ತು ವರ್ಷ ಮೊದಲು, 1972ರಲ್ಲಿ, ಮೂವತ್ತು ಸಾವಿರಕ್ಕೂ ಹೆಚ್ಚು ಸಹಿ ಹೊತ್ತು ಸಂಸತ್ತಿಗೆ ಹೋಗಿದ್ದರು, ಶಾಲೆಯಲ್ಲಿ ನಮ್ಮ ಭಾಷೆ ಕಲಿಸಿ ಅಂತ. ಅಧಿಕೃತ ಭಾಷೆ ಆದದ್ದು 1987ರಲ್ಲಿ. ಸುಮ್ನೆ ಯಾರೂ ಕೊಡಲಿಲ್ಲ.

ಹಾಳೆಯ ಕಥೆ ಬೇಲಿ ಪಕ್ಕ ನಿಂತು ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. "ನನ್ನ ಅಮ್ಮನಿಗೆ ಮಾವೊರಿ ಮಾತಾಡಿದ್ದಕ್ಕೆ ಶಾಲೆಯಲ್ಲಿ ಹೊಡೆದಿದ್ದರು, ಮಗಳಿಗೂ ಏಟು ಬೀಳೋದು ಬೇಡ ಅಂತ ನನಗೆ ಕಲಿಸಲಿಲ್ಲ," ಅಂದರು. ಆಮೇಲೆ ಕೇಳಿದರು, "ನಿನಗೆ ಯಾರು ಹೊಡೆದಿದ್ದರು?"

ಯಾರೂ ಹೊಡೆದಿರಲಿಲ್ಲ. ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ದಂಡ ಇತ್ತು ಅಷ್ಟೆ, ಒಂದು ಮಾತಿಗೆ ಒಂದು ರೂಪಾಯಿ. ಕ್ಲಾಸ್ ಲೀಡರ್ ಹೆಸರು ಬರೆಯುತ್ತಿದ್ದಳು. ತುಳುವಿಗೂ ಕನ್ನಡಕ್ಕೂ ದಂಡ ಒಂದೇ, ಅದರಲ್ಲಿ ಮಾತ್ರ ಭೇದಭಾವ ಇರಲಿಲ್ಲ. ಬರೆಯುತ್ತಿದ್ದ ಆ ಲೀಡರ್ ಒಂದು ವರ್ಷ ನಾನೇ ಆಗಿದ್ದೆ. ಇದನ್ನು ಅಜ್ಜಿಗೆ ಹೇಳೋಕೆ ಬಾಯಿ ಬರಲಿಲ್ಲ.

ಊರಲ್ಲಿ ಈಗಲೂ ಹಿಂದಿ ಹೇರಿಕೆ ಅಂದರೆ ನಾವೆಲ್ಲ ಎದ್ದು ನಿಲ್ಲುತ್ತೇವೆ, ನಿಲ್ಲಲೇಬೇಕು. ಆದರೆ ತುಳು, ಕೊಡವ, ಬ್ಯಾರಿ, ಕೊರಗ ಅಂದಾಗ ಅದು 'ಮನೆ ಮಾತು' ತಾನೇ ಅಂದುಬಿಡುತ್ತೇವೆ ಅಲ್ವಾ? 2011ರ ಜನಗಣತಿಯಲ್ಲಿ ತುಳು ಅಂತ ಬರೆಸಿದವರು ಹದಿನೆಂಟು ಲಕ್ಷ ಚಿಲ್ಲರೆ, ಕೊಡವ ಒಂದು ಲಕ್ಷ ಚಿಲ್ಲರೆ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಎರಡೂ ಇಲ್ಲ. ಸೇರಲಿ, ನನಗೂ ಖುಷಿ. ಆದರೆ ನನ್ನ ಅಡುಗೆಮನೆಯಲ್ಲಿ ಮಗಳ ಹತ್ತಿರ ತುಳು ಮಾತಾಡಬೇಡ ಅಂತ ಯಾವ ಸರ್ಕಾರವೂ ಹೇಳಿರಲಿಲ್ಲ.

ಭಾನುವಾರ ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು, ಊರಲ್ಲಿ ಆಗ ಮಧ್ಯಾಹ್ನ. ಮಗಳು ಅಂಗೈಯಲ್ಲಿ ಬರೆದುಕೊಂಡದ್ದನ್ನು ಓದಿದಳು. "ಅಜ್ಜಿ, ವನಸ್ ಆಂಡಾ?" ಊಟ ಆಯ್ತಾ ಅಂತ. ಅಮ್ಮ ಫೋನನ್ನು ಮೂಗಿನ ಹತ್ತಿರ ತಂದು, ಇನ್ನೊಮ್ಮೆ ಹೇಳು ಅಂದರು. ಮೂರು ಸಲ ಹೇಳಿಸಿದರು. ಆಮೇಲೆ ತುಳುವಿನಲ್ಲಿ ತಾಯಿಗೆ 'ಅಪ್ಪೆ', ತಂದೆಗೆ 'ಅಮ್ಮೆ' ಅಂತ ಹೇಳಿಕೊಟ್ಟರು. ಅಲ್ಲಿಂದ ಅವಳು ನನ್ನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿ, ಇಷ್ಟು ವರ್ಷ ನೀವಿಬ್ಬರೂ ಹೆಸರು ಅದಲು ಬದಲು ಮಾಡಿಕೊಂಡಿದ್ದೀರಾ ಅಂತ ಸೋಫಾ ಮೇಲೆ ಉರುಳಾಡಿ ನಕ್ಕಳು.