ಹುಡುಗರಿಗೆ ದುಡ್ಡಿನ ಲೆಕ್ಕ ಕಾಣಬೇಕಾ?

14 ಜೂನ್ 2025, ಶನಿವಾರ

ಎಡಿಟಿಂಗ್ ಮಾಡುವ ಸಣ್ಣವ ಫೋನ್ ಇಟ್ಟಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಊಟ ಮಾಡುವಾಗಲೂ ಅದೇ ಯೋಚನೆ.

ಸೀಸನ್ ಮುಗಿಯುವ ದಿನವಾದ ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ, ರಾತ್ರಿ ಲೈವ್ ಇಲ್ಲ. ಈ ಮಳೆಗಾಲದ ಬಿಡುವಿನಲ್ಲೇ ಯಕ್ಷಗಾನದ ಆಟಗಳನ್ನು ತೋರಿಸುವ ನಮ್ಮ ಯೂಟ್ಯೂಬ್ ಚಾನೆಲ್‌ನ ಒಳಗಿನ ವ್ಯವಸ್ಥೆ ಸರಿ ಮಾಡಿಬಿಡುವ ಅಂತ ಭಾವ ಮತ್ತು ನಾನು ಮೊದಲೇ ಮಾತಾಡಿಕೊಂಡಿದ್ದೆವು. ಇಷ್ಟು ವರ್ಷ ಎಲ್ಲರಿಗೂ ಒಂದೇ ಜಿಮೇಲ್, ಒಂದೇ ಪಾಸ್‌ವರ್ಡ್. ಅದೂ ನನ್ನ ಸ್ವಂತ ಜಿಮೇಲ್, ಅಂದರೆ ಮಗಳ ಫೋಟೋದಿಂದ ಹಿಡಿದು ಬ್ಯಾಂಕಿನ ಪತ್ರದವರೆಗೆ ಎಲ್ಲವೂ ಅದರೊಳಗೇ. 2021ರ ನವೆಂಬರ್‌ನಿಂದ ದುಡ್ಡು ಬರುವ ಚಾನೆಲ್‌ಗಳಿಗೆಲ್ಲ ಎರಡು ಹಂತದ ಪರಿಶೀಲನೆ ಕಡ್ಡಾಯ ಆಯಿತಲ್ಲ, ಅಲ್ಲಿಂದ ಹುಡುಗರು ಯಾವುದಾದರೂ ಬೇರೆ ಲ್ಯಾಪ್‌ಟಾಪ್ ತೆಗೆದುಕೊಂಡು ಆಟಕ್ಕೆ ಹೋದರೆ ನನ್ನ ಫೋನಿಗೆ 'ಇದು ನೀವೇನಾ' ಅಂತ ಬರುತ್ತಿತ್ತು. "ಅಣ್ಣ, ಯೆಸ್ ಒತ್ತಿ ಬೇಗ, ಚೌಕಿಪೂಜೆ ಆಯ್ತು" ಅಂತ ಫೋನ್, ಅಂದರೆ ಇನ್ನೇನು ಆಟ ಶುರುವಾಗುವ ಹೊತ್ತು. ನಾನು ನಿದ್ದೆಗಣ್ಣಲ್ಲಿ ಒತ್ತುವುದು. ಕೇಳುತ್ತಿರುವುದು ನಮ್ಮ ಹುಡುಗರೋ ಬೇರೆ ಯಾರೋ ಅಂತ ಆ ಹೊತ್ತಿನಲ್ಲಿ ನೋಡುವವರು ಯಾರು?

ಜಾಹೀರಾತು ಕೊಡುತ್ತೇವೆ, ಈ ಫೈಲ್ ತೆರೆದು ನೋಡಿ ಅಂತ ನಮಗೂ ಮೇಲ್‌ಗಳು ಬರುತ್ತವೆ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್‌ನಂಥ ದೊಡ್ಡ ಚಾನೆಲ್ಲೇ ಹೀಗೆ ಕೈತಪ್ಪಿ ಹೋಗಿತ್ತು. ತಂಡದ ಒಬ್ಬರು ಅಂಥದ್ದೇ ಒಂದು ಫೈಲ್ ತೆರೆದರು, ಅಷ್ಟೇ. ಅಲ್ಲಿ ಪಾಸ್‌ವರ್ಡ್ ಕದ್ದಿರಲಿಲ್ಲ, ಬ್ರೌಸರ್ ಲಾಗಿನ್ ಆಗಿದ್ದ ಗುರುತನ್ನೇ ಎತ್ತಿಕೊಂಡು ಹೋಗಿದ್ದರು. ಅವರಿಗೆ ಸಹಾಯಕ್ಕೆ ಯೂಟ್ಯೂಬ್‌ನವರೇ ಓಡಿ ಬರುತ್ತಾರೆ. ನಮಗೆ ಯಾರು ಬರುತ್ತಾರೆ? ನಮ್ಮಲ್ಲಿರುವ ಕೆಲವು ಆಟಗಳಲ್ಲಿ ವೇಷ ಮಾಡಿದವರು ಈಗ ಇಲ್ಲ. ಆ ರಾತ್ರಿಗಳು ಮತ್ತೆ ಸಿಗುತ್ತವಾ?

ಹಾಗಾಗಿ ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಅಂತ ಇದೆಯಲ್ಲ, ಅಲ್ಲಿಂದ ಒಬ್ಬೊಬ್ಬರಿಗೂ ಅವರವರ ಮೇಲ್‌ಗೇ ಆಹ್ವಾನ ಕಳಿಸುವುದು, ಅದಾದ ಮೇಲೆ ಪಾಸ್‌ವರ್ಡ್ ಬದಲಾಯಿಸುವುದು ಅಂತ ತೀರ್ಮಾನ. ಭಾವನನ್ನು ನಾನೇ ಮ್ಯಾನೇಜರ್ ಮಾಡಿದೆ. ಮ್ಯಾನೇಜರ್ ಆದವರು ಬೇರೆಯವರನ್ನು ಸೇರಿಸಬಹುದು, ತೆಗೆಯಬಹುದು, ಚಾನೆಲ್ಲನ್ನೇ ಅಳಿಸಿಹಾಕುವುದು ಮಾತ್ರ ಅವರ ಕೈಲಿ ಇಲ್ಲ. ಉಳಿದವರಿಗೆ ನಾನು ಕಳಿಸುತ್ತೇನೆ, ನೀನು ತಲೆಬಿಸಿ ಮಾಡಬೇಡ ಅಂದರು ಭಾವ. ಆಯ್ತು ಅಂದೆ.

ಇವತ್ತು ಸಂಜೆ ಸಣ್ಣವನ ಫೋನ್.

"ಅಣ್ಣ, ನಂಗೆ ಎಡಿಟರ್ ಅಂತ ಬಂದಿದೆ, ಪಕ್ಕದಲ್ಲಿ ಲಿಮಿಟೆಡ್ ಅಂತಲೂ ಉಂಟು. ಒಳಗೆ ಹೋದ್ರೆ ದುಡ್ಡಿನದ್ದು ಎಂತದೂ ಕಾಣುದಿಲ್ಲ."

ನನಗೆ ಆಗಲೇ ಗೊತ್ತಾದದ್ದು. ಕ್ಯಾಮರಾದ ಹುಡುಗನಿಗೂ ಹಾಗೆಯೇ ಹೋಗಿದೆಯಂತೆ, ಅವ ಏನೂ ಕೇಳದೆ ಒಪ್ಪಿಕೊಂಡಿದ್ದಾನೆ. ವಿಡಿಯೋ ಹಾಕಬಹುದು, ಹೆಸರು ತಿದ್ದಬಹುದು, ಲೈವ್ ಮಾಡಬಹುದು, ಆದರೆ ಆದಾಯದ ಅಂಕಿ ಮಾತ್ರ ಮುಚ್ಚಿರುತ್ತದೆ. ಭಾವ ಕಳಿಸಿದ್ದಿರಬೇಕು ಅಂದೆ. ಅವನಿಗೆ ಅದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಸ್ವಲ್ಪ ಹೊತ್ತು ಸುಮ್ನಿದ್ದ.

"ನಾನು ದುಡ್ಡು ಕೇಳ್ಲಿಕ್ಕೆ ಫೋನ್ ಮಾಡಿದ್ದಲ್ಲ ಅಣ್ಣ. ಇಷ್ಟು ವರ್ಷ ನಿಮ್ಮ ಪಾಸ್‌ವರ್ಡ್ ನನ್ನತ್ರ ಇತ್ತು. ಎಲ್ಲ ಕಾಣ್ತಿತ್ತು. ಒಂದು ದಿನವೂ ಆ ಪೇಜಿಗೆ ಹೋದವ ಅಲ್ಲ ನಾನು. ಈಗ ಮುಚ್ಚಿದ ಮೇಲೆ, ಅಲ್ಲಿ ಎಂತ ಉಂಟು ಅಂತ ನೋಡ್ಬೇಕು ಅನ್ನಿಸ್ತದೆ."

ಏನು ಹೇಳಬೇಕು ಅಂತ ತಿಳಿಯಲಿಲ್ಲ. ಮಾತಾಡಿ ಹೇಳ್ತೇನೆ ಮಾರಾಯ ಅಂದೆ. ಆಯ್ತಣ್ಣ ಅಂತ ಇಟ್ಟ.

ಕೂಡಲೇ ಭಾವನಿಗೆ ಫೋನ್ ಮಾಡಿದೆ. ಅವರ ಮಾತನ್ನೂ ಸುಳ್ಳು ಅನ್ನಲಾಗುವುದಿಲ್ಲ. "ಅಲ್ಲಿ ಕಾಣುದು ಡಾಲರ್. ಹುಡುಗರು ಅದನ್ನು 85ರಿಂದ ಗುಣಿಸ್ತಾರೆ. ಪೆಟ್ರೋಲು, ಜನರೇಟರು, ಇಂಟರ್ನೆಟ್ಟು, ಮೇಳಕ್ಕೆ ಕೊಡುದು, ಇದೆಲ್ಲ ಆ ಪೇಜಿನಲ್ಲಿ ಕಾಣ್ತದಾ? ಬರುದು ಮಾತ್ರ ಕಾಣ್ತದೆ, ಹೋಗುದು ಕಾಣುದಿಲ್ಲ. ಅರ್ಧ ಲೆಕ್ಕ ನೋಡಿದವ ಜಗಳಕ್ಕೆ ಬರ್ತಾನೆ."

ಹೌದು, ಅರ್ಧ ಲೆಕ್ಕ. ಹಾಗಾದರೆ ಉಳಿದ ಅರ್ಧವನ್ನೂ ತೋರಿಸಬೇಕು, ಅಲ್ವಾ? ಇದ್ದದ್ದನ್ನೂ ಮುಚ್ಚುವುದು ಯಾಕೆ? ಒಟ್ಟು ಕುಟುಂಬದಲ್ಲಿ ಕಪಾಟಿಗೆ ಬೀಗ ಬಿದ್ದ ದಿನದಿಂದ ಮಾತು ಕಡಿಮೆ ಆಗುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಮಳೆಗಾಲದಲ್ಲಿ ಬರುವುದು ಎಷ್ಟು ಇಳಿಯುತ್ತದೆ ಅಂತ ಆ ಹುಡುಗರೂ ನೋಡಲಿ. 100 ಡಾಲರ್ ಮುಟ್ಟದಿದ್ದರೆ ಆ ತಿಂಗಳು ಬ್ಯಾಂಕಿಗೆ ಏನೂ ಬರುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅನ್ನುವುದೂ ಗೊತ್ತಾಗಲಿ. ರಾತ್ರಿಯಿಡೀ ಗದ್ದೆಯ ಮಂಜಿನಲ್ಲಿ ನಿಂತು ಬೆಳಗ್ಗೆ ಮಂಗಳ ಹಾಡುವವರೆಗೂ ಕ್ಯಾಮರಾ ಬಿಡದ ಹುಡುಗರು ಅವರು. ಅವರಿಗೆ ಕಾಣಬಾರದ್ದು ಏನಿದೆ ಅದರಲ್ಲಿ?

ಬೇರೆ ಅಧಿಕಾರದ ವಿಷಯದಲ್ಲಿ ನನಗೆ ಗೊಂದಲ ಇಲ್ಲ. ಎಡಿಟರ್ ಆದವರು ಪ್ರಕಟವಾದ ವಿಡಿಯೋ ಅಳಿಸಲು ಆಗುವುದಿಲ್ಲ, ಹೊಸಬರನ್ನು ಸೇರಿಸಲೂ ಆಗುವುದಿಲ್ಲ. ಅದು ಹಾಗೆಯೇ ಇರಬೇಕು. ಹುಡುಗರ ಲ್ಯಾಪ್‌ಟಾಪ್ ಯಾರಾದರೂ ಕದ್ದರೂ ಹಳೆಯ ಆಟಗಳು ಉಳಿಯುತ್ತವೆ. ಸಣ್ಣವನಿಗೂ ಅದರಲ್ಲಿ ಬೇಸರ ಇಲ್ಲ, ಅದನ್ನು ಅವನೇ ಹೇಳಿದ. ಜಾಗ್ರತೆಗಾಗಿ ಬಾಗಿಲು ಹಾಕುವುದು ಬೇರೆ, ಅವನು ನೋಡಬಾರದು ಅಂತಲೇ ಹಾಕುವುದು ಬೇರೆ.

ಮಾಷ್ಟ್ರದ್ದು ಇನ್ನೊಂದು ಕಥೆ. ಪ್ರತಿ ವಿಡಿಯೋದ ಕೆಳಗೆ ಪ್ರಸಂಗ, ಕವಿ, ಭಾಗವತರು, ಮದ್ದಳೆ, ಚೆಂಡೆ, ಮುಮ್ಮೇಳದ, ಅಂದರೆ ವೇಷ ಮಾಡಿದ ಒಬ್ಬೊಬ್ಬರ ಹೆಸರನ್ನೂ ತಪ್ಪಿಲ್ಲದೆ ಬರೆಯುವವರು ಅವರು. ನಮ್ಮ ಚಾನೆಲ್ಲಿಗೆ ಮರ್ಯಾದೆ ಬಂದದ್ದೇ ಅದರಿಂದ. ಆಹ್ವಾನ ಹೋಗಿದೆ, ಅವರು ಮೇಲ್ ತೆರೆದೇ ಇಲ್ಲ. 30 ದಿನದೊಳಗೆ ಒಪ್ಪಿಕೊಳ್ಳದಿದ್ದರೆ ಅದು ರದ್ದಾಗುತ್ತದೆ. "ನಂಗೆ ಹಳೆಯ ಪಾಸ್‌ವರ್ಡ್ ಬಾಯಿಪಾಠ ಉಂಟು, ಅದು ಸಾಕು" ಅನ್ನುತ್ತಾರೆ. ಒಂದು ದಿನ ಅವರ ಮನೆಗೇ ಹೋಗಿ ಪಕ್ಕದಲ್ಲಿ ಕೂತು ಮಾಡಿಕೊಡಬೇಕು. ಮಳೆ ಬಿಟ್ಟರೆ ನಾಳೆಯೇ. ಅವರ ಮನೆಯ ಹಲಸಿನ ಹಣ್ಣಿನ ಕಡುಬು ತಿನ್ನದೆ ಒಂದು ವರ್ಷ ಆಯಿತು.

ಸಣ್ಣವನ ಹೆಸರಿನ ಮುಂದೆ ಇರುವ ಆಯ್ಕೆಯನ್ನು ನಾನು ಈಗಲೇ ಬದಲಾಯಿಸಬಹುದು, ಚಾನೆಲ್ ನನ್ನ ಹೆಸರಿನಲ್ಲೇ ಇದೆ. ಆದರೆ ಭಾವ ಬೆಳಗ್ಗೆ ಸ್ಟುಡಿಯೋ ತೆರೆದರೆ ಅವರಿಗೆ ಕಾಣುತ್ತದೆ. ಹೇಳದೆ ಮಾಡಿದ ಅಂತ ಆಗುತ್ತದೆ. ಅವರು ಸಣ್ಣವನಿಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ ಹಾಗೆ. ಈ ಸೀಸನ್‌ನ ಖರ್ಚಿನ ಚೀಟಿಗಳೆಲ್ಲ ಅವರ ಹತ್ತಿರವೇ ಇವೆ. ಮೊದಲು ಅವನ್ನು ಕೇಳಿ ತೆಗೆದುಕೊಂಡು, ಬಂದದ್ದು ಹೋದದ್ದು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು, ನಾಲ್ಕೂ ಜನರನ್ನು ಕೂರಿಸಿ ತೋರಿಸಿದರೆ ಭಾವ ಒಪ್ಪಿಯಾರು ಅನ್ನಿಸುತ್ತದೆ. ಆದರೆ ಚೀಟಿ ಕೇಳಿದರೆ ನನ್ನ ಮೇಲೆ ಅನುಮಾನವಾ ಅಂತ ಅವರು ಕೇಳಿದರೆ ಆಗ...